ಪದ ಹಳೆಯದು, ಧಾಟಿ ಹೊಸದು: ರಘು ದೀಕ್ಷಿತ್ ಕುರಿತು ಒಂದು ಟಿಪ್ಪಣಿ

ರಘು ದೀಕ್ಷಿತ್ ಅವರ ಬಗ್ಗೆ ಮಾತು ಬಂದರೆ ಲುಂಗಿ, ಗೆಜ್ಜೆ, ಗಿಟಾರು ಮೊದಲು ಬರುತ್ತವೆ. ಅವರು ತೆಗೆದುಕೊಂಡ ನಿಜವಾದ ಸಾಹಸದ ನಿರ್ಧಾರ ಧಾಟಿಯದು.

ಮೈಸೂರಿನಲ್ಲಿ ಸೂಕ್ಷ್ಮಜೀವಶಾಸ್ತ್ರ ಓದಿ, ಭರತನಾಟ್ಯವನ್ನೂ ಕಲಿತ ರಘು, ಪಿಟೀಲಿನ ಎಚ್.ಎನ್. ಭಾಸ್ಕರ್ ಜೊತೆ ‘ಅಂತರಾಗ್ನಿ’ ತಂಡ ಕಟ್ಟಿದರು. ಅದು ಚದುರಿದ ಬಳಿಕ, 2008ರಲ್ಲಿ, ‘ರಘು ದೀಕ್ಷಿತ್ ಪ್ರಾಜೆಕ್ಟ್’ನ ಮೊದಲ ಆಲ್ಬಮ್ ಬಂತು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, ಮರುವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆಯ ಪ್ರಶಸ್ತಿ.

ಆ ಆಲ್ಬಮ್ಮಿನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶಿಶುನಾಳ ಶರೀಫರ (1819–1889) ಎರಡು ಪದಗಳಿವೆ: ಗುಡುಗುಡಿಯದೊಂದು, ಸೋರುವ ಮಾಳಿಗೆಯದೊಂದು. ಮಾಳಿಗೆಯ ಪದ ಆ ಹೊತ್ತಿಗಾಗಲೇ ಸಿ. ಅಶ್ವತ್ಥ್ ಅವರ ಸಂಯೋಜನೆಯಲ್ಲಿ ಕ್ಯಾಸೆಟ್ ಹಿಡಿದು ಮನೆಮನೆ ಹೊಕ್ಕಿತ್ತು. ಅವರದೇ ಸಂಗೀತದ, ನಾಗಾಭರಣರ 1990ರ ಸಿನಿಮಾ ಶರೀಫರನ್ನು ಆ ದನಿಯಲ್ಲೇ ನೆಲೆಯೂರಿಸಿತು. ಅದೇ ಶರೀಫರ ಧಾಟಿ ಎಂದು ಬಹಳ ಜನ ತಿಳಿದಿದ್ದರು. ರಘು ಅದನ್ನು ಬಿಟ್ಟು ಬೇರೆ ಧಾಟಿ ಹಾಕಿದರು. ಇದು ಪರಂಪರೆಗೆ ಅಪಚಾರವೆ?

ದಾಸರ ಪದಗಳಿಗೆ ಹೆಸರಾದ ರಾಯಚೂರು ಸೀಮೆಯ ರೂಢಿ ನೋಡಿದರೆ ಹಾಗೆನ್ನಲಾಗದು. ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಾಟದ ಜಗನ್ನಾಥದಾಸರು ಇಲ್ಲಿಯವರೇ. ಅವರ ಪದಗಳಲ್ಲಿ ಕದಲದೆ ಉಳಿದದ್ದು ಸಾಹಿತ್ಯ ಮತ್ತು ಅಂಕಿತ. ಧಾಟಿಯೋ, ಭಜನೆಯಲ್ಲೊಂದು, ಕಛೇರಿಯಲ್ಲೊಂದು. ವಚನಗಳಿಗಂತೂ ಮೂಲದ ಸ್ವರಲಿಪಿಯೇ ಇಲ್ಲ. ಅವನ್ನು ಹಿಂದುಸ್ತಾನಿ ರಾಗಗಳಲ್ಲಿ ಹಾಡಿದ ಸಿದ್ಧರಾಮ ಜಂಬಲದಿನ್ನಿ ಅವರ ಹೆಸರನ್ನು ರಾಯಚೂರಿನ ರಂಗಮಂದಿರಕ್ಕೆ ಇಟ್ಟಿದ್ದಾರೆ. ಅವರಿಗೆ ಸಂದ ಸಲುಗೆ ಗಿಟಾರಿನವನಿಗೆ ಯಾಕೆ ಸಲ್ಲಬಾರದು?

ಸಲ್ಲಬೇಕು, ಆದರೆ ಎಲ್ಲ ಪದಕ್ಕೂ ಒಂದೇ ತೂಕದಲ್ಲಲ್ಲ ಎಂದು ನನಗನಿಸುತ್ತದೆ. ಗುಡುಗುಡಿಯ ಪದ ಕರೆಯುವ ಪದ. ಸೇದಿ ನೋಡು ಬಾ ಎನ್ನುವ ಗುರುವಿನ ಸದರ ಅದರಲ್ಲಿದೆ. ಸಾವಿರ ಜನ ಪಲ್ಲವಿಗೆ ದನಿಗೂಡಿಸಿದರೂ ಅದು ಕೆಡುವುದಿಲ್ಲ, ಭಜನೆಯ ಮೇಳವೂ ಮಾಡುವುದು ಅದನ್ನೇ. ಮಾಳಿಗೆಯ ಪದ ಹಾಗಲ್ಲ. ಅಜ್ಞಾನ ತೊಟ್ಟಿಕ್ಕುವ ಮನೆಯಲ್ಲಿ ಒಬ್ಬನೇ ಕೂತವನ ದಿಗಿಲು ಅದು. ಅದಕ್ಕೆ ಡ್ರಮ್ಮಿಗಿಂತ ಬಿಡುವು ಬೇಕು. ಅಲ್ಲಿ ಅಶ್ವತ್ಥರೇ ನನಗೆ ಹತ್ತಿರ.

2013ರ ‘ಜಗ್ ಚಂಗಾ’ ಆಲ್ಬಮ್ಮಿಗೆ ರಘು ಮತ್ತೆ ಶರೀಫರನ್ನೇ ಆಯ್ದರು, ಈ ಸಲ ಲೋಕದ ಕಾಳಜಿ ಹೊತ್ತವನನ್ನು ಕೆಣಕುವ ಪದ. ಅದನ್ನು ಕಾಲೇಜು ಹುಡುಗರು ಈಗ ರಘು ಅವರ ಧಾಟಿಯಲ್ಲೇ ಹಾಡಿ, ಶರೀಫರ ಧಾಟಿ ಎನ್ನುತ್ತಾರೆ.