ಆರು ಗುಂಟೆ ಖರಾಬು

ಉಳದೆ ಬಿಟ್ಟ ಹೊಲಕ್ಕೆ ರೈತರ ಮಾತು ‘ಬೀಳು’. ‘ಈ ಸಲ ಬೀಳು ಬಿಟ್ಟಿದ್ದೀವಿ’ ಅಂದಾಗ ನೆಲವನ್ನು ಯಾರೂ ಬೈದಿರುವುದಿಲ್ಲ. ಮಳೆ ಕೈಕೊಟ್ಟಿರಬಹುದು, ಆಳು ಸಿಕ್ಕಿರಲಿಕ್ಕಿಲ್ಲ. ಮುಂದಿನ ಮುಂಗಾರಿಗೆ ನೇಗಿಲು ಹೂಡಿದರೆ ಮತ್ತೆ ಹೊಲವೇ. ‘ಬರಡು’ ಅಂದರೆ ಮಾತು ಗಡುಸಾಗುತ್ತದೆ. ಹಸುವಿಗೂ ನೆಲಕ್ಕೂ ಒಂದೇ ತೀರ್ಪು. ಇವೆರಡೂ ಉಳುವವರ ಮಾತು. ‘ಖರಾಬು’ ಮಾತ್ರ ಕಂದಾಯ ಎತ್ತುವವರದು.

ಅರಬ್ಬಿಯಲ್ಲಿ ಹುಟ್ಟಿ, ಪಾರಸಿ ದಫ್ತರಗಳನ್ನು ಹಾದು ನಮ್ಮಲ್ಲಿಗೆ ಬಂದ ಪದವಿದು. ಉತ್ತರ ಕರ್ನಾಟಕದಲ್ಲಿ ತಲಿ ಖರಾಬ್ ಆಗ್ತದ, ಹೊಟ್ಟಿ ಖರಾಬ್ ಆಗ್ತದ. ಪಹಣಿಯಲ್ಲಿ ಅದು ಗುಂಟೆ ಲೆಕ್ಕದಲ್ಲಿ ತೆಪ್ಪಗೆ ಕೂತಿರುತ್ತದೆ. ಒಟ್ಟು 4 ಎಕರೆ 10 ಗುಂಟೆ, ಖರಾಬು 6 ಗುಂಟೆ ಎಂದಿದ್ದರೆ ಕಂದಾಯ ಉಳಿಕೆ 4 ಎಕರೆ 4 ಗುಂಟೆಗಷ್ಟೇ. (ಪಹಣಿಯ ‘ಫೂಟ್ ಖರಾಬು’ ಎಂಬಲ್ಲಿನ ‘ಫೂಟ್’ ಅನ್ನು ಅಡಿಯ ಲೆಕ್ಕವೆಂದು ಓದುವವರಿದ್ದಾರೆ. ಅದು ಮರಾಠಿಯ ‘ಪೋಟ್’, ಅಂದರೆ ಹೊಟ್ಟೆ. ಹೊಲದ ಹೊಟ್ಟೆಯೊಳಗಿನ ಖರಾಬು.)

ಆ ಆರು ಗುಂಟೆಯಲ್ಲಿ ಏನಿದ್ದೀತು? 1966ರ ಕರ್ನಾಟಕ ಭೂಕಂದಾಯ ನಿಯಮಗಳು ಖರಾಬನ್ನು ‘ಅ’, ‘ಬ’ ಎಂದು ಎರಡು ಮಾಡುತ್ತವೆ. ಸಾಗುವಳಿಗೆ ಒಗ್ಗದ ನೆಲ ‘ಅ’. ಬಂಡೆ, ಕಲ್ಲುಗುಪ್ಪೆ ಸರಿ. ಆದರೆ ರೈತನ ಕಣವೂ ಇದರಲ್ಲೇ ಸೇರಿದೆ! ಸಗಣಿ ಬಗ್ಗಡ ಹಾಕಿ ಸಾರಿಸಿ, ರಾಗಿ ಒಕ್ಕಿ, ಗಾಳಿಗೆ ತೂರಿ, ರಾಶಿಗೆ ಪೂಜೆ ಮಾಡುವ ಜಾಗ. ಚಪ್ಪಲಿ ಬಿಟ್ಟು ಕಾಲಿಡುವ ಆ ನೆಲಕ್ಕೆ ದಫ್ತರದಲ್ಲಿ ಖರಾಬು ಎಂಬ ಹೆಸರು. ‘ಬ’ ಪಟ್ಟಿಯಲ್ಲಿ ರಸ್ತೆ, ಕಾಲುದಾರಿ, ಊರವರು ನೀರು ಬಳಸುವ ಕೆರೆ, ಹಳ್ಳ, ಸ್ಮಶಾನ, ಕುಂಬಾರಿಕೆಗೆ ಬಿಟ್ಟ ಜಾಗ. ಊರು ನಡೆಯುವುದೇ ಇವುಗಳ ಮೇಲೆ. ಕಂದಾಯ ಹುಟ್ಟದ ನೆಲವನ್ನು ಕೆಟ್ಟದ್ದೆಂದು ಕರೆದವನು ಶ್ಯಾನುಭೋಗಿಕೆಯ ಕಣ್ಣಿನಿಂದಷ್ಟೇ ಊರನ್ನು ನೋಡಿರಬೇಕು.

‘ಅ’ ಖರಾಬು ಹಿಡುವಳಿದಾರನ ಜೊತೆಗೇ ಹೋಗುತ್ತದೆ. ‘ಬ’ ಹಾಗಲ್ಲ, ಅದು ಸಾರ್ವಜನಿಕರದು. ಬೆಂಗಳೂರಿನ ಸುತ್ತ ಲೇಔಟ್ ಮಾಡುವವರು ಮೊದಲು ಮರೆಯುವುದು ಈ ವ್ಯತ್ಯಾಸವನ್ನೇ; ಹಳ್ಳ ಮುಚ್ಚಿದ ಸೈಟಿಗೆ ಮಳೆಗಾಲದಲ್ಲಿ ನೀರು ನುಗ್ಗಿದಾಗ ಕೊಂಡವರಿಗೆ ನೆನಪಾಗುತ್ತದೆ. ಜಮೀನು ಕೊಳ್ಳುವವರು ಪಹಣಿಯಲ್ಲಿ ಹೆಸರು, ಸಾಲ ನೋಡಿದ ಮೇಲೆ ಖರಾಬಿನ ಅಂಕಣವನ್ನೂ ನೋಡಿ. ‘ಬ’ ಎಂದಿದ್ದರೆ ಸರ್ವೆ ನಕ್ಷೆ ತೆಗೆಸಿ, ದಾರಿಯೋ ಹಳ್ಳವೋ ಎಲ್ಲಿ ಹಾದಿದೆಯೆಂದು ಸ್ಥಳದಲ್ಲೇ ನಿಂತು ಗುರುತಿಸಿಕೊಳ್ಳಿ. ಬೇಲಿ ಹಾಕಿದ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ.