ತಂಬೂರಿ, ಘಟ ಮತ್ತು ಎಂಪಿ3: ಕಛೇರಿಯ ಧ್ವನಿಮುದ್ರಣಕ್ಕೆ ಎನ್‌ಕೋಡರ್ ಹೊಂದಿಸುವ ಬಗೆ

ಸಂಗೀತಪ್ರಿಯರ ಮನೆಗಳಲ್ಲಿ ಉಳಿದಿರುವ ಹಳೆಯ ಎಂಪಿ3 ಸಂಗ್ರಹಗಳನ್ನು ತೆರೆದು ನೋಡಿದರೆ ಒಂದು ಅಂಕಿ ಮತ್ತೆ ಮತ್ತೆ ಎದುರಾಗುತ್ತದೆ: ಸೆಕೆಂಡಿಗೆ 128 ಕಿಲೋಬಿಟ್. ಇದು ಕಿವಿ ತೀರ್ಮಾನಿಸಿದ ಅಂಕಿಯೇನೂ ಅಲ್ಲ. ಸಿ.ಡಿ.ಯಲ್ಲಿ ಎರಡು ಚಾನೆಲ್‌ಗಳ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿರುತ್ತಾರೆ. ಒಟ್ಟು ಸೆಕೆಂಡಿಗೆ 1411.2 ಕಿಲೋಬಿಟ್ ಆಯಿತು. 128 ಎಂದರೆ ಅದರಲ್ಲಿ ಹನ್ನೊಂದನೆಯ ಒಂದು ಪಾಲು. 1998ರಲ್ಲಿ ಮಾರುಕಟ್ಟೆಗೆ ಬಂದ ಡೈಮಂಡ್ ರಿಯೊ ಪಿಎಂಪಿ300 ಎಂಬ ಕಿಸೆಯ ಪ್ಲೇಯರ್‌ನಲ್ಲಿ ಇದ್ದದ್ದು 32 ಮೆಗಾಬೈಟ್ ಜಾಗ. 128ರ ದರದಲ್ಲಿ ಅದು ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು ಸಂಗೀತವನ್ನು ಹಿಡಿಯುತ್ತಿತ್ತು, ಇನ್ನೂ ಮೇಲಿನ ದರದಲ್ಲಿ ಒಂದು ರಾಗದ ವಿಸ್ತಾರವೂ ಹಿಡಿಸುತ್ತಿರಲಿಲ್ಲ. ಫೋನ್ ತಂತಿಯ ಮೋಡೆಮ್‌ನಲ್ಲಿ ಹಾಡು ಇಳಿಸಿಕೊಳ್ಳುವವರಿಗೂ ಅದಕ್ಕಿಂತ ದೊಡ್ಡ ಫೈಲ್ ದುಬಾರಿಯಾಗಿತ್ತು.

ಆ ಇಕ್ಕಟ್ಟು ಹೋಗಿ ಬಹುಕಾಲವಾಯಿತು, ಅಂಕಿ ಮಾತ್ರ ರೂಢಿಯಲ್ಲಿ ಉಳಿಯಿತು. ಕರ್ನಾಟಕ ಸಂಗೀತದ ಕಛೇರಿಯಂಥ ಸಾಮಗ್ರಿಗೆ, ಧ್ವನಿಯನ್ನು ಎಂಪಿ3ಯಾಗಿ ಹಿಂಡುವ ಎನ್‌ಕೋಡರ್ ಹೊಂದಿಸುವಾಗ ಎಷ್ಟು ಗಾತ್ರ ಬೇಕೆಂದು ಹೇಳುವುದಕ್ಕಿಂತ ಎಂಥ ಗುಣಮಟ್ಟ ಬೇಕೆಂದು ಹೇಳುವುದೇ ಸರಿ ಎಂಬುದು ಈ ಲೇಖನದ ವಾದ. ಅದಕ್ಕೆ ಬೇಕಾದ ಆಧಾರ ಕಛೇರಿಯ ವೇದಿಕೆಯ ಮೇಲೆಯೇ ಕುಳಿತಿದೆ.

ಎಂಪಿ3 ರೂಪುಗೊಂಡದ್ದು ಜರ್ಮನಿಯ ಎರ್ಲಾಂಗೆನ್‌ನಲ್ಲಿ. ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬುರ್ಗ್ ಮತ್ತು ಫ್ರೌನ್‌ಹೋಫರ್ ಸಂಸ್ಥೆಯ ಅವರ ಸಂಗಡಿಗರು 1980ರ ದಶಕದ ಕೊನೆಯಲ್ಲಿ ಪರೀಕ್ಷೆಗೆ ಎತ್ತಿಕೊಂಡ ಧ್ವನಿಮುದ್ರಣಗಳಲ್ಲಿ ಅವರಿಗೆ ಬಹಳ ಕಾಟ ಕೊಟ್ಟದ್ದು ಅಬ್ಬರದ ವಾದ್ಯವೃಂದವೇನಲ್ಲ, ಸುಝಾನ್ ವೇಗಾ ಯಾವ ಪಕ್ಕವಾದ್ಯವೂ ಇಲ್ಲದೆ ಹಾಡಿದ ‘ಟಾಮ್ಸ್ ಡೈನರ್’. ಜೋರಾದ ಸ್ವರವೊಂದು ತನ್ನ ಆಸುಪಾಸಿನ ಆವೃತ್ತಿಗಳ ಸಣ್ಣ ಸದ್ದನ್ನು ಕಿವಿಗೆ ಕೇಳದಂತೆ ಮರೆಮಾಡುತ್ತದೆ. ಎನ್‌ಕೋಡರ್ ಬಿಟ್‌ಗಳನ್ನು ಕಡಿಮೆ ಮಾಡಿದಾಗ ಹುಟ್ಟುವ ಗೊರಗೊರ ಸದ್ದನ್ನು ಈ ಮರೆಯಲ್ಲೇ ಅಡಗಿಸಿಡಬೇಕು. ಒಂಟಿ ಕಂಠದ ಸುತ್ತ ಅಂಥ ಮರೆ ಕಡಿಮೆ. ಅದೂ ಅಲ್ಲದೆ, ಕಂಠ ನಟ್ಟನಡುವೆ ನಿಂತಿದ್ದರೆ ಎಡ ಮತ್ತು ಬಲ ಚಾನೆಲ್‌ಗಳ ದೋಷಗಳು ಅಕ್ಕಪಕ್ಕಕ್ಕೆ ಹರಡಿ ಕಂಠದಿಂದ ಬೇರೆಯಾಗಿ ಕೇಳಿಸುತ್ತವೆ. ತಂಬೂರಿಯ ಮೇಲೆ ಒಂದೇ ಕಂಠ ನಿಧಾನವಾಗಿ ಬೆಳೆಯುವ ಆಲಾಪನೆಯೂ ಇಂಥದೇ ಬಯಲು. ಎನ್‌ಕೋಡರ್‌ನ ತಪ್ಪು ಅಡಗಿಕೊಳ್ಳಲು ಅಲ್ಲಿ ಜಾಗವಿಲ್ಲ.

ಆಲಾಪನೆ ಮುಗಿದು ಲಯವಾದ್ಯ ಸೇರಿಕೊಂಡಾಗ ಇನ್ನೊಂದು ಬಗೆಯ ತೊಡಕು ಶುರುವಾಗುತ್ತದೆ. ಎಂಪಿ3 ಧ್ವನಿಯನ್ನು ತಲಾ 1152 ಮಾದರಿಗಳ ಫ್ರೇಮ್‌ಗಳಾಗಿ ಕತ್ತರಿಸುತ್ತದೆ, ಸಿ.ಡಿ.ಯ ದರದಲ್ಲಿ ಒಂದು ಫ್ರೇಮ್ ಸುಮಾರು 26 ಮಿಲಿಸೆಕೆಂಡ್. ಒಳಗಿನ ಆವೃತ್ತಿಗಳನ್ನು ಬಿಡಿಸಿ ನೋಡಲು ಅದರ ಬಳಿ ಎರಡು ಅಳತೆಯ ಬ್ಲಾಕ್‌ಗಳಿವೆ. ಉದ್ದನೆಯ ಬ್ಲಾಕ್ ಇಡೀ ಧ್ವನಿಪಟ್ಟಿಯನ್ನು 576 ಗೆರೆಗಳಾಗಿ ಸೀಳುತ್ತದೆ, ಗಿಡ್ಡದ್ದು 192 ಗೆರೆಗಳಾಗಿ. ಅಂದರೆ ಉದ್ದನೆಯದರಲ್ಲಿ ಒಂದು ಗೆರೆಯ ಅಗಲ ಸುಮಾರು 38 ಹರ್ಟ್ಜ್, ಗಿಡ್ಡದ್ದರಲ್ಲಿ ಸುಮಾರು 115 ಹರ್ಟ್ಜ್.

ಈ ಎರಡು ಅಂಕಿಗಳನ್ನು ತಂಬೂರಿಯ ಪಕ್ಕದಲ್ಲಿ ಇಟ್ಟು ನೋಡಬೇಕು. ಆಧಾರ ಷಡ್ಜ 131 ಹರ್ಟ್ಜ್‌ನ ಆಸುಪಾಸಿನಲ್ಲಿದ್ದರೆ ಮಂದ್ರ ಷಡ್ಜದ ತಂತಿ 65ರಲ್ಲಿ ನುಡಿಯುತ್ತದೆ. ಕುದುರೆಯ ಮೇಲೆ ತಂತಿಯಡಿ ಸೇರಿಸಿದ ದಾರದ ಎಳೆಯಿಂದಾಗಿ ಆ ತಂತಿಯ ಅನುಸ್ವರಗಳು 65 ಹರ್ಟ್ಜ್‌ಗೊಂದರಂತೆ ಬಹಳ ಮೇಲಿನವರೆಗೂ ಮಿನುಗುತ್ತಾ ಹೋಗುತ್ತವೆ. 38 ಹರ್ಟ್ಜ್ ಅಗಲದ ಗೆರೆ ಅವುಗಳನ್ನು ಒಂದೊಂದಾಗಿ ಹಿಡಿಯಬಲ್ಲದು. 115ರ ಗೆರೆಯೊಳಗೆ ಎರಡು ಅನುಸ್ವರಗಳು ಒಟ್ಟಿಗೆ ಬಿದ್ದು ಕಲಸಿಹೋಗುತ್ತವೆ. ತಂಬೂರಿ ಉದ್ದನೆಯ ಬ್ಲಾಕ್ ಕೇಳುತ್ತದೆ.

ಘಟ ಕೇಳುವುದು ಇದಕ್ಕೆ ತದ್ವಿರುದ್ಧ. ಘಟದ ಮೇಲೆ ಬೆರಳು ಬಿದ್ದ ಕ್ಷಣದಲ್ಲಿ ಸದ್ದು ಒಮ್ಮೆಗೇ ಎದ್ದು ನಿಲ್ಲುತ್ತದೆ. ಉದ್ದನೆಯ ಬ್ಲಾಕ್‌ನಲ್ಲಿ ಅದನ್ನು ಸಂಕೇತಿಸಿದರೆ ದೋಷ ಬ್ಲಾಕ್‌ನ ತುಂಬ ಹರಡಿಕೊಳ್ಳುತ್ತದೆ, ಪೆಟ್ಟಿಗಿಂತ ಮುಂಚೆಯೇ ‘ಛ್’ ಎಂಬ ಸಣ್ಣ ಉಸಿರಿನಂಥ ಸದ್ದು ಕೇಳಿಸುತ್ತದೆ. ಪೆಟ್ಟಿನ ಮುನ್ನ ಕೆಲವೇ ಮಿಲಿಸೆಕೆಂಡ್‌ಗಳಷ್ಟನ್ನು ಮಾತ್ರ ಕಿವಿ ಮನ್ನಿಸುತ್ತದೆ, ಪೆಟ್ಟಿನ ನಂತರ ಅದಕ್ಕಿಂತ ಎಷ್ಟೋ ಹೆಚ್ಚು. ಈ ಮುನ್ನಸದ್ದನ್ನು ಹಿಡಿಯಲು ಯೂರೋಪಿನ ಎಂಜಿನಿಯರ್‌ಗಳು ಕ್ಯಾಸ್ಟನೆಟ್ ಎಂಬ ಮರದ ಚಿಟಿಕೆಯ ಧ್ವನಿಮುದ್ರಣ ಬಳಸಿದರು. ಕರ್ನಾಟಕ ಸಂಗೀತದ ಕೇಳುಗನಿಗೆ ಒಳ್ಳೆಯ ತನಿ ಆವರ್ತನವೇ ಸಾಕು. ಪೆಟ್ಟು ಬರುವುದನ್ನು ಗುರುತಿಸಿ ಎನ್‌ಕೋಡರ್ ಗಿಡ್ಡ ಬ್ಲಾಕ್‌ಗೆ ಹೊರಳಿದ ಕೂಡಲೇ ಹಿಂದೆ ನುಡಿಯುತ್ತಿರುವ ತಂಬೂರಿಯನ್ನು ಬರೆಯುವುದು ದುಬಾರಿಯಾಗುತ್ತದೆ. ಎರಡನ್ನೂ ಉಳಿಸಿಕೊಳ್ಳಬೇಕಾದರೆ ಆ ಕ್ಷಣಕ್ಕೆ ಹೆಚ್ಚು ಬಿಟ್ ಬೇಕು.

128ರ ನಿಗದಿ ದರದಲ್ಲಿ ಪ್ರತಿ ಫ್ರೇಮ್‌ಗೆ ಸಿಗುವುದು 417 ಅಥವಾ 418 ಬೈಟ್. ತಲೆಬರಹ ಮತ್ತು ಲೆಕ್ಕಪತ್ರಕ್ಕೆ ಅದರಲ್ಲಿ 36 ಬೈಟ್ ಹೋಗುತ್ತದೆ. ಸುಲಭದ ಫ್ರೇಮ್‌ಗಳಲ್ಲಿ ಮಿಕ್ಕಿದ್ದನ್ನು ಉಳಿಸಿ ಕಷ್ಟದ ಫ್ರೇಮ್‌ಗೆ ಕೊಡುವ ಏರ್ಪಾಡು ಎಂಪಿ3ಯಲ್ಲಿ ಇದೆ. ತಿಂಗಳ ಖರ್ಚಿನಲ್ಲಿ ಉಳಿಸಿ ಹಬ್ಬಕ್ಕೆ ಬಳಸಿದ ಹಾಗೆ. ಆದರೆ ಆ ಉಳಿತಾಯಕ್ಕೆ 511 ಬೈಟ್‌ಗಳ ಮಿತಿಯಿದೆ, ತನಿ ಆವರ್ತನದ ಮೊದಲ ಕೆಲವು ಪೆಟ್ಟುಗಳಿಗೇ ಅದು ಕರಗಿಹೋಗುತ್ತದೆ.

ಆದ್ದರಿಂದಲೇ ಬದಲಾಗುವ ಬಿಟ್‌ದರ, ಅಂದರೆ ವಿಬಿಆರ್, ಇಲ್ಲಿ ಮುಖ್ಯವಾಗುತ್ತದೆ. ಇದನ್ನು ಪಳಗಿಸಿದ ಶ್ರೇಯ ಬಹುಪಾಲು ಲೇಮ್ ಎಂಬ ಮುಕ್ತ ಎನ್‌ಕೋಡರ್‌ಗೆ ಸಲ್ಲಬೇಕು. 1998ರಲ್ಲಿ ಮೈಕ್ ಚೆಂಗ್ ಅದನ್ನು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಮಾದರಿ ಪ್ರೋಗ್ರಾಮಿನ ತಿದ್ದುಪಡಿಯಾಗಿ ಆರಂಭಿಸಿದರು. ಮಾರ್ಕ್ ಟೇಲರ್ ಮತ್ತು ಇತರರು ಅದಕ್ಕೆ ಹೊಸ ಶ್ರವಣ ಮಾದರಿ ಬರೆದರು, 2000ದ ಹೊತ್ತಿಗೆ ಮೂಲದ ಸಾಲುಗಳೆಲ್ಲ ಬದಲಾಗಿದ್ದವು. 2017ರಲ್ಲಿ ಹೊರಬಂದ 3.100 ಆವೃತ್ತಿ ಇಂದಿಗೂ ಬಹಳಷ್ಟು ತಂತ್ರಾಂಶಗಳ ಒಳಗೆ ಕುಳಿತಿದೆ. ಅದರಲ್ಲಿ ಗುಣಮಟ್ಟವನ್ನು ವಿ0ಯಿಂದ ವಿ9ರವರೆಗಿನ ಅಳತೆಯಲ್ಲಿ ಕೇಳಬಹುದು, ಅಂಕಿ ಇಳಿದಷ್ಟೂ ಗುಣಮಟ್ಟ ಏರುತ್ತದೆ. ವಿ0 ಸರಾಸರಿ 245 ಕಿಲೋಬಿಟ್‌ನ ಆಸುಪಾಸಿಗೆ ಬರುತ್ತದೆ, ವಿ2 ಸುಮಾರು 190ಕ್ಕೆ, ವಿ5 ಸುಮಾರು 130ಕ್ಕೆ. ಎರಡೂವರೆ ಗಂಟೆಯ ಕಛೇರಿಗೆ ಸಿ.ಡಿ. ರೂಪದಲ್ಲಿ 1,588 ಮೆಗಾಬೈಟ್ ಬೇಕು. 128ರಲ್ಲಿ ಅದು 144, ವಿ2ರ ಸರಾಸರಿಯಲ್ಲಿ ಸುಮಾರು 214, ನಿಗದಿ 320ರಲ್ಲಿ 360. 144ಕ್ಕೂ 214ಕ್ಕೂ ನಡುವಿನ 70 ಮೆಗಾಬೈಟ್ ಇಂದಿನ ಯಾವ ಮೆಮೊರಿ ಕಾರ್ಡ್‌ಗೂ ಭಾರವಲ್ಲ, ತನಿ ಆವರ್ತನಕ್ಕೆ ಮಾತ್ರ ಅದರ ಬೆಲೆ ದೊಡ್ಡದು.

ಹಾಗಿದ್ದರೆ ವಿ0ಯನ್ನೇ ಏಕೆ ಬಳಸಬಾರದು? ಬಳಸಬಹುದು. ಆದರೆ ಅದು ತಿನ್ನುವ ಬಿಟ್‌ಗಳಲ್ಲಿ ಒಂದು ಪಾಲು ವ್ಯರ್ಥ. ಎಂಪಿ3 ಆವೃತ್ತಿಗಳನ್ನು ಪಟ್ಟಿಗಳಾಗಿ ವಿಂಗಡಿಸಿ ಪ್ರತಿ ಪಟ್ಟಿಯ ನಿಖರತೆಯನ್ನು ಬೇರೆಬೇರೆಯಾಗಿ ನಿಯಂತ್ರಿಸುತ್ತದೆ. 16 ಕಿಲೋಹರ್ಟ್ಜ್‌ಗಿಂತ ಮೇಲಿನ ಕೊನೆಯ ಪಟ್ಟಿಗೆ ಮಾತ್ರ ಅಂಥ ಸ್ವಂತ ಹಿಡಿಕೆ ಇಲ್ಲ. ಅಲ್ಲಿ ನಿಖರತೆ ಬೇಕೆಂದರೆ ಇಡೀ ಫ್ರೇಮ್‌ನ ನಿಖರತೆಯನ್ನು ಏರಿಸಬೇಕಾಗುತ್ತದೆ. ಕಂಠ, ಪಿಟೀಲು, ಮೃದಂಗಗಳ ಸಾರವೆಲ್ಲ ಅದಕ್ಕಿಂತ ಕೆಳಗೇ ಇರುವಾಗ, ನಡುವಯಸ್ಸು ದಾಟಿದ ಹೆಚ್ಚಿನವರ ಕಿವಿಗೆ ಕೇಳಿಸದ ಆ ಪಟ್ಟಿಗಾಗಿ ಅಷ್ಟು ತೆರುವುದು ಅನಗತ್ಯ. ಮೇಲಿನ ಆವೃತ್ತಿಗಳನ್ನು ತಾನಾಗಿಯೇ ಸೋಸುವ ವಿ2 ಸಮತೂಕದ ಆಯ್ಕೆ.

ಹಳೆಯ ಮೊನೊ ಧ್ವನಿಮುದ್ರಣಗಳ ಮಾತು ಬೇರೆ; ಹೆಚ್ಚು ಎಚ್ಚರ ಬೇಕಾದದ್ದೂ ಅಲ್ಲೇ. ಮೊನೊ ಕಛೇರಿಯನ್ನು ಸ್ಟೀರಿಯೊ ಕ್ಯಾಸೆಟ್ ಡೆಕ್‌ನಲ್ಲಿ ನುಡಿಸಿ ಕಂಪ್ಯೂಟರ್‌ಗೆ ತಂದರೆ ಎರಡೂ ಚಾನೆಲ್‌ಗಳಲ್ಲಿ ಸಂಗೀತ ಒಂದೇ, ಟೇಪಿನ ಹಿಸ್ ಸದ್ದು ಮಾತ್ರ ಬೇರೆಬೇರೆ. ಜಾಯಿಂಟ್ ಸ್ಟೀರಿಯೊ ವಿಧಾನದಲ್ಲಿ ಎನ್‌ಕೋಡರ್ ಎರಡು ಚಾನೆಲ್‌ಗಳ ಮೊತ್ತವನ್ನೂ ವ್ಯತ್ಯಾಸವನ್ನೂ ಬರೆಯುತ್ತದೆ. ಚಾನೆಲ್‌ಗಳು ನಿಜಕ್ಕೂ ಒಂದೇ ಆಗಿದ್ದರೆ ವ್ಯತ್ಯಾಸ ಸೊನ್ನೆ, ಬಿಟ್‌ಗಳೆಲ್ಲ ಸಂಗೀತಕ್ಕೆ ಸಿಗುತ್ತವೆ. ಹಿಸ್ ಇದ್ದರೆ ವ್ಯತ್ಯಾಸದಲ್ಲಿ ಬರೀ ಹಿಸ್ ತುಂಬಿಕೊಳ್ಳುತ್ತದೆ. ಗೊತ್ತುಗುರಿಯಿಲ್ಲದ ಇಂಥ ಸದ್ದನ್ನು ಹಿಂಡುವುದು ಎಲ್ಲಕ್ಕಿಂತ ಕಷ್ಟ, ವಿಬಿಆರ್ ಅದಕ್ಕಾಗಿ ಬಿಟ್ ಸುರಿಯುತ್ತದೆ. ಎರಡು ಚಾನೆಲ್‌ಗಳನ್ನು ಮೊದಲೇ ಕೂಡಿಸಿ ನಿಜವಾದ ಮೊನೊ ಮಾಡಿದರೆ ಸಂಗೀತ ಒಂದಕ್ಕೊಂದು ಸೇರಿ ಬಲಗೊಳ್ಳುತ್ತದೆ, ಹಿಸ್ ಅಷ್ಟು ಬಲಗೊಳ್ಳುವುದಿಲ್ಲ, ಸುಮಾರು 3 ಡೆಸಿಬೆಲ್ ಲಾಭ. ಅದಕ್ಕೆ ಮುನ್ನ ಡೆಕ್‌ನ ಹೆಡ್ ಟೇಪಿಗೆ ನೇರವಾಗಿದೆಯೇ ಎಂದು ನೋಡಿಕೊಳ್ಳಲೇಬೇಕು. ಹೆಡ್ ಕೊಂಚ ವಾಲಿದ್ದರೂ ಒಂದು ಚಾನೆಲ್ ಕಣದಷ್ಟು ಹಿಂದೆ ಬೀಳುತ್ತದೆ, ಕೂಡಿಸಿದಾಗ ಮೇಲಿನ ಆವೃತ್ತಿಗಳು ಒಂದನ್ನೊಂದು ಅಳಿಸಿ ಪಿಟೀಲು ಮಂಕಾಗುತ್ತದೆ.

ಟೇಪಿನಿಂದ ತಂದದ್ದನ್ನು ಮೊದಲು ಫ್ಲ್ಯಾಕ್‌ನಂಥ ನಷ್ಟವಿಲ್ಲದ ರೂಪದಲ್ಲಿ ಇಟ್ಟುಕೊಂಡು, ಎಂಪಿ3ಯನ್ನು ಅದರಿಂದ ತೆಗೆಯಬೇಕು. ಒಂದು ಎಂಪಿ3ಯಿಂದ ಇನ್ನೊಂದು ಎಂಪಿ3 ಮಾಡಿದರೆ ದೋಷದ ಮೇಲೆ ದೋಷ ಕೂರುತ್ತದೆ, 128ರ ಫೈಲನ್ನು 320ಕ್ಕೆ ಏರಿಸಿದರೂ ಕಳೆದದ್ದು ಮರಳದು.

ಗುಣಮಟ್ಟವೊಂದೇ ಅಳತೆಯಾಗಿದ್ದರೆ ಎಂಪಿ3ಯನ್ನೇ ಬಿಡಬಹುದಿತ್ತು. 2012ರಲ್ಲಿ ಮಾನಕವಾದ ಓಪಸ್ ಎಂಬ ರೂಪ, 2014ರಲ್ಲಿ ಸಾರ್ವಜನಿಕರು ಪಾಲ್ಗೊಂಡ 96 ಕಿಲೋಬಿಟ್‌ನ ಶ್ರವಣ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆಯಿತು; ಆಪಲ್‌ನ ಎಎಸಿ ಎರಡನೆಯದು. ಆದರೆ ಹಳೆಯ ಕಾರಿನ ಸ್ಟೀರಿಯೊ, ಡಿವಿಡಿ ಪ್ಲೇಯರ್, ಪೆನ್‌ಡ್ರೈವ್ ಸಿಕ್ಕಿಸುವ ಅಗ್ಗದ ಸ್ಪೀಕರ್ ಇವೆಲ್ಲ ಒಪ್ಪುವ ರೂಪ ಎಂಪಿ3 ಒಂದೇ. ಅದರ ಪೇಟೆಂಟ್ ಪರವಾನಗಿ ವ್ಯವಸ್ಥೆಯೂ 2017ರ ಏಪ್ರಿಲ್‌ನಲ್ಲಿ ಮುಗಿಯಿತು.

ಎಲ್ಲೆಡೆ ನುಡಿಯಬೇಕೆಂದರೆ ಸಿ.ಡಿ.ಯ 44.1 ಕಿಲೋಹರ್ಟ್ಜ್ ದರವನ್ನು ಬದಲಿಸದೆ ಇಡುವುದು ಒಳ್ಳೆಯದು. 320ಕ್ಕಿಂತ ಮೇಲೇರಲು ಇರುವ ‘ಫ್ರೀ ಫಾರ್ಮ್ಯಾಟ್’ ಎಂಬ ದಾರಿಯನ್ನು ಮುಟ್ಟಲೇಬಾರದು, ಹೆಚ್ಚಿನ ಪ್ಲೇಯರ್‌ಗಳು ಅದನ್ನು ಓದುವುದಿಲ್ಲ. ವಿಬಿಆರ್ ಫೈಲ್‌ನ ಮೊದಲ ಫ್ರೇಮ್‌ನಲ್ಲಿ ಲೇಮ್ ಒಂದು ಮಾಹಿತಿ ಪಟ್ಟಿಯನ್ನು ಬರೆದಿಡುತ್ತದೆ. ಅದು ಕಳೆದುಹೋದರೆ ಪ್ಲೇಯರ್ ಕಛೇರಿಯ ಅವಧಿಯನ್ನು ತಪ್ಪಾಗಿ ತೋರಿಸುತ್ತದೆ, ಮುಂದಕ್ಕೆ ಓಡಿಸಿದರೆ ಎಲ್ಲೋ ಹೋಗಿ ಬೀಳುತ್ತದೆ. ಪಟ್ಟಿಯಿದ್ದರೂ ವಿಬಿಆರ್ ಜೊತೆ ತಕರಾರು ಮಾಡುವ ಹಳೆಯ ಯಂತ್ರ ಮನೆಯಲ್ಲಿ ಇದ್ದರೆ ಅದಕ್ಕೆಂದೇ ನಿಗದಿ 192 ಅಥವಾ 320ರ ಪ್ರತಿ ತೆಗೆಯಬೇಕು.

ಅದೇ ಮೊದಲ ಫ್ರೇಮ್ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಎನ್‌ಕೋಡಿಂಗ್‌ನಲ್ಲಿ ಫೈಲ್‌ನ ಆರಂಭಕ್ಕೂ ಕೊನೆಗೂ ಒಂದಿಷ್ಟು ಖಾಲಿ ಮಾದರಿಗಳು ಸೇರಿಕೊಳ್ಳುತ್ತವೆ. ಆರಂಭದಲ್ಲೇ ಡಿಕೋಡರ್‌ನದ್ದೂ ಸೇರಿ 1105, ಅಂದರೆ 25 ಮಿಲಿಸೆಕೆಂಡ್. ರಾಗ, ತಾನ, ಪಲ್ಲವಿಗಳನ್ನು ಮೂರು ಟ್ರ್ಯಾಕ್‌ಗಳಾಗಿ ಕತ್ತರಿಸಿದ್ದರೆ ತಂಬೂರಿಯ ಎಡೆಬಿಡದ ನಾದ ಎರಡು ಕಡೆ ಮುಗ್ಗರಿಸುತ್ತದೆ. ಎಷ್ಟು ಮಾದರಿ ಬಿಡಬೇಕೆಂಬ ಲೆಕ್ಕ ಲೇಮ್ ಬರೆದ ಪಟ್ಟಿಯಲ್ಲಿದೆ. ಅದನ್ನು ಓದಬಲ್ಲ ಪ್ಲೇಯರ್ ನಾದವನ್ನು ಹೊಲಿಗೆ ಕಾಣದಂತೆ ಜೋಡಿಸುತ್ತದೆ, ಓದಲಾರದ ಪ್ಲೇಯರ್‌ಗೆ ಮೂರನ್ನೂ ಒಂದೇ ಫೈಲ್ ಮಾಡಿ ಕೊಡುವುದು ಲೇಸು.

ಆಯ್ಕೆ ಸರಿಯಾಗಿದೆಯೇ ಎಂದು ತಿಳಿಯಲು ಎಬಿಎಕ್ಸ್ ಪರೀಕ್ಷೆ ಇದೆ. ಮೂಲ, ಎಂಪಿ3, ಇವೆರಡರಲ್ಲಿ ಯಾವುದೆಂದು ಹೇಳದ ಮೂರನೆಯದು: ಆ ಮೂರನೆಯದು ಯಾವುದೆಂದು 16 ಸುತ್ತುಗಳಲ್ಲಿ ಗುರುತಿಸಬೇಕು. ಬರೀ ಊಹೆಯಿಂದ 12 ಅಥವಾ ಹೆಚ್ಚು ಸರಿಯಾಗುವ ಸಂಭವ ನೂರಕ್ಕೆ 4ರಷ್ಟೂ ಇಲ್ಲ. ಪರೀಕ್ಷೆಗೆ ಇಡೀ ಕೃತಿ ಬೇಕಿಲ್ಲ. ಆಲಾಪನೆಯ ಒಂದು ನೀಳ ಸಂಚಾರ, ಘಟದ ಹತ್ತು ಸೆಕೆಂಡ್, ಚಪ್ಪಾಳೆಯ ಐದು ಸೆಕೆಂಡ್ ಸಾಕು. ವಿ2ರಲ್ಲಿ ವ್ಯತ್ಯಾಸ ಹಿಡಿದವರು ವಿ0ಗೆ ಹೋಗಲಿ, ವಿ4ರಲ್ಲೂ ಹಿಡಿಯಲಾಗದವರು ಅಲ್ಲೇ ನಿಲ್ಲಬಹುದು.

ಕೊನೆಗೆ ಉಳಿಯುವುದು ಹೆಸರಿನ ಪ್ರಶ್ನೆ. ಹಾಡಿನ ವಿವರಗಳನ್ನು ಎಂಪಿ3 ಫೈಲ್‌ನೊಳಗೇ ಬರೆದಿಡುವ ಐಡಿ3 ಟ್ಯಾಗ್‌ನ ಮೊದಲ ಆವೃತ್ತಿಯಲ್ಲಿ ಹಾಡಿನ ಹೆಸರಿಗೆ 30 ಬೈಟ್ ಮಾತ್ರ, ಅದೂ ಲ್ಯಾಟಿನ್ ಅಕ್ಷರಗಳನ್ನು ಎಣಿಸಿ ಕೊಟ್ಟದ್ದು. 2.3ನೇ ಆವೃತ್ತಿಯಲ್ಲಿ ಯೂನಿಕೋಡ್‌ನ ಯುಟಿಎಫ್-16 ರೂಪಕ್ಕೆ ಅವಕಾಶವಿದೆ. ರಾಗ, ತಾಳ, ವಾಗ್ಗೇಯಕಾರರ ಹೆಸರುಗಳೆಲ್ಲ ಅದರಲ್ಲಿ ಕನ್ನಡದಲ್ಲೇ ಕೂರುತ್ತವೆ. 2.4ರ ಯುಟಿಎಫ್-8 ಇನ್ನೂ ಅಚ್ಚುಕಟ್ಟಾದರೂ ಬಹುಕಾಲ ವಿಂಡೋಸೇ ಅದನ್ನು ಓದುತ್ತಿರಲಿಲ್ಲ, ಹಳೆಯ ಕಾರು ಸ್ಟೀರಿಯೊಗಳ ಬಗ್ಗೆ ಹೇಳುವುದೇ ಬೇಡ. ಕನ್ನಡ ಫಾಂಟ್ ಇಲ್ಲದ ಯಂತ್ರದ ಪರದೆಯಲ್ಲಿ ಟ್ಯಾಗ್ ಚೌಕಗಳಾಗಿ ಕಂಡರೂ ಹಾಡು ಸಿಗುವಂತಾಗಲು, ಫೈಲ್‌ನ ಹೆಸರನ್ನು 01, 02 ಎಂಬ ಕ್ರಮಸಂಖ್ಯೆಯೊಂದಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ಇಟ್ಟು, ಪೂರ್ಣ ವಿವರವನ್ನು 2.3ರ ಟ್ಯಾಗ್‌ನಲ್ಲಿ ಕನ್ನಡದಲ್ಲಿ ಬರೆಯುವುದು ಸದ್ಯಕ್ಕೆ ಎಲ್ಲ ಕಡೆಯೂ ನಡೆಯುವ ಏರ್ಪಾಡು.