ಹೊಳೆಯ ಮೀನುಗಳ ಗಣನೆ

ಚರಿತ್ರೆಯೆಂದರೆ ಅರಸರ ದಂಡಯಾತ್ರೆಗಳ ವೃತ್ತಾಂತವೆಂದೇ ಬಹುಮಂದಿ ಭಾವಿಸುವರು. ಆದರೆ ಒಂದು ಸೀಮೆಯ ಜನರು ಯಾವ ವಸ್ತುವನ್ನು ಎಣಿಸಿದರು, ಯಾವುದನ್ನು ಎಣಿಸದೆ ಬಿಟ್ಟರು ಎಂಬುದನ್ನು ವಿಚಾರಿಸಿದರೂ ಆ ಸೀಮೆಯ ಚರಿತ್ರೆಯು ತಕ್ಕಮಟ್ಟಿಗೆ ತಿಳಿದುಬರುವುದು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಈಶಾನ್ಯ ಭಾಗದಲ್ಲಿ ಮ್ಯಾಸಚೂಸೆಟ್ಸ್ ಎಂಬ ಸಂಸ್ಥಾನವುಂಟು. ಅಲ್ಲಿ ಪ್ರತಿವರ್ಷವೂ ಏಪ್ರಿಲ್ ತಿಂಗಳು ಬಂದೊಡನೆ ಉಪಾಧ್ಯಾಯರು, ವಿದ್ಯಾರ್ಥಿಗಳು, ಗೃಹಿಣಿಯರು, ಉದ್ಯೋಗದಿಂದ ನಿವೃತ್ತರಾದ ವೃದ್ಧರು ಹೊಳೆಗಳ ದಡದಲ್ಲಿ ನಿಂತು, ಕಡಲಿನಿಂದ ಮೇಲಕ್ಕೇರಿ ಬರುವ ಮೀನುಗಳನ್ನು ಲೆಕ್ಕಮಾಡುವರು. ಅವರಿಗೆ ಸಂಬಳವಿಲ್ಲ. ಮೀನಿನಲ್ಲಿ ಪಾಲೂ ಇಲ್ಲ. ಬಹುತೇಕ ಹೊಳೆಗಳಲ್ಲಿ ಅದನ್ನು ಹಿಡಿಯುವುದಕ್ಕೇ ಅಪ್ಪಣೆಯಿಲ್ಲ. ಈ ಸೇವೆಯು ಹೇಗೆ ಹುಟ್ಟಿತು, ಅದರಿಂದ ಪ್ರಯೋಜನವೇನು ಎಂಬುದು ವಿಚಾರಿಸತಕ್ಕ ವಿಷಯವಾಗಿದೆ.

ಎಣಿಕೆಗೆ ಗುರಿಯಾದ ಮೀನುಗಳು ಎರಡು ಜಾತಿಯವು. ಒಂದಕ್ಕೆ ಏಲ್‌ವೈಫ್ ಎಂದೂ, ಮತ್ತೊಂದಕ್ಕೆ ಬ್ಲೂಬ್ಯಾಕ್ ಎಂದೂ ಹೆಸರು. ಎರಡನ್ನೂ ಸೇರಿಸಿ ಹೊಳೆಯ ಹೆರಿಂಗ್ ಎನ್ನುವರು. ಇವು ನಮ್ಮ ಕರಾವಳಿಯ ಭೂತಾಯಿ ಮೀನಿನ ಬಳಗಕ್ಕೆ ಸೇರಿದವು. ಉದ್ದದಲ್ಲಿ ಒಂದು ಅಡಿಯನ್ನು ಮೀರುವುದು ಅಪರೂಪ. ಸಿಹಿನೀರಿನಲ್ಲಿ ಹುಟ್ಟಿದ ಮರಿಯು ಅದೇ ವರ್ಷ ಕಡಲಿಗೆ ಇಳಿದು, ಮೂರು ನಾಲ್ಕು ವರ್ಷ ಅಲ್ಲಿ ಬೆಳೆದು, ಮೊಟ್ಟೆಯಿಡುವುದಕ್ಕಾಗಿ ಬಹುಮಟ್ಟಿಗೆ ತಾನು ಹುಟ್ಟಿದ ಹೊಳೆಗೇ ಹಿಂದಿರುಗುವುದು. ಮೊಟ್ಟೆಯಿಟ್ಟ ಬಳಿಕ ಬದುಕಿ ಉಳಿದುದು ಪುನಃ ಕಡಲನ್ನು ಸೇರುವುದು. ಈ ಯಾತ್ರೆಯು ಅನಾದಿಯಾದುದು; ಆದರೆ ನಡುದಾರಿಯಲ್ಲಿ ಒಂದಾಳೆತ್ತರದ ಕಟ್ಟೆಯೊಂದಿದ್ದರೂ ಅದು ಅಲ್ಲಿಗೇ ಮುಗಿದುಹೋಗುವುದು. ಸಾಲ್ಮನ್ ಮೀನಿನಂತೆ ಎತ್ತರಕ್ಕೆ ನೆಗೆಯುವ ಶಕ್ತಿ ಇದಕ್ಕಿಲ್ಲ.

1620ರಲ್ಲಿ ಇಂಗ್ಲೆಂಡಿನಿಂದ ಬಂದು ಪ್ಲಿಮತ್ತಿನಲ್ಲಿ ನೆಲಸಿದ ವಲಸೆಗಾರರಲ್ಲಿ ಅರ್ಧದಷ್ಟು ಜನರು ಮೊದಲನೆಯ ಚಳಿಗಾಲದಲ್ಲಿಯೇ ಮಡಿದರು. ಉಳಿದವರಿಗೆ 1621ರ ವಸಂತದಲ್ಲಿ ಟಿಸ್ಕ್ವಾಂಟಂ ಎಂಬ ಮೂಲನಿವಾಸಿಯು, ಏಪ್ರಿಲ್ ನಡುವಿನಲ್ಲಿ ಊರ ಹಳ್ಳಕ್ಕೆ ಮೀನುಗಳು ಬರುವುವೆಂದೂ, ಅವುಗಳನ್ನು ಗೊಬ್ಬರವಾಗಿ ಹಾಕಿ ಮೆಕ್ಕೆಜೋಳವನ್ನು ಬಿತ್ತಬೇಕೆಂದೂ ಕಲಿಸಿಕೊಟ್ಟನು. ಆ ತರುವಾಯ ಈ ಮೀನು ಊರಿನ ಸಮುದಾಯದ ಸ್ವತ್ತೆನಿಸಿತು. ಯಾವ ದಿನಗಳಲ್ಲಿ ಹಿಡಿಯಬೇಕು, ಒಂದೊಂದು ಮನೆಗೆ ಎಷ್ಟು ಸಲ್ಲಬೇಕು ಎಂಬುದನ್ನು ಊರ ಸಭೆಗಳು ಗೊತ್ತುಮಾಡುತ್ತಿದ್ದುವು. ಕೆಲವು ಊರುಗಳಲ್ಲಿ ವಿಧವೆಯರಿಗೂ ಬಡವರಿಗೂ ಧರ್ಮವಾಗಿ ಪಾಲು ಸಲ್ಲುತ್ತಿದ್ದಿತು. ಹೊಳೆಗಳಲ್ಲಿ ಮೀನಿನ ದಾರಿಗೆ ಅಡ್ಡವಾಗಿ ಅಪ್ಪಣೆಯಿಲ್ಲದೆ ತಡೆಗಳನ್ನು ಕಟ್ಟಬಾರದೆಂದು 1709ರಲ್ಲಿಯೇ ಶಾಸನವಾಯಿತು. ಹಂಚಿಕೊಳ್ಳಬೇಕಾದುದನ್ನು ಎಣಿಸಲೇ ಬೇಕು. ಆದುದರಿಂದ ಎಷ್ಟು ಪೀಪಾಯಿ ಮೀನು ಬಂದಿತೆಂಬುದು ಆ ಕಾಲದವರಿಗೆ ಮನೆವಾರ್ತೆಯ ಸಂಗತಿಯಾಗಿದ್ದಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸ್ಥಿತಿಯು ಬದಲಾಯಿತು. ಹತ್ತಿಯ ಗಿರಣಿಗಳಿಗೆ ನೀರಿನ ಬಲ ಬೇಕಾಗಿ, ಹೊಳೆಹೊಳೆಗೂ ಕಟ್ಟೆಗಳೆದ್ದುವು. ಮೆರಿಮ್ಯಾಕ್ ನದಿಗೆ ಲಾರೆನ್ಸ್ ಪಟ್ಟಣದಲ್ಲಿ ಕಲ್ಲಿನ ಮಹಾಕಟ್ಟೆಯು 1848ರಲ್ಲಿ ಮುಗಿಯಿತು. ಮರುವರ್ಷ ಪ್ರಕಟವಾದ ತನ್ನ ನದೀಯಾತ್ರೆಯ ಗ್ರಂಥದಲ್ಲಿ ಹೆನ್ರಿ ಡೇವಿಡ್ ಥೋರೋ, ಹಿಂದೆ ಹೇರಳವಾಗಿದ್ದ ಮೀನುಗಳು ಕಟ್ಟೆಗಳ ದೆಸೆಯಿಂದ ಕಾಣದಾದುವೆಂದು ಮರುಗಿರುವನು. 1866ರ ಹೊತ್ತಿಗೆ ಸಂಸ್ಥಾನದ ಸರಕಾರವು ನದಿಮೀನುಗಳ ವಿಚಾರಣೆಗಾಗಿ ಅಧಿಕಾರಿಗಳನ್ನು ನೇಮಿಸಿದ್ದಿತು. 1921ರಲ್ಲಿ ಡೇವಿಡ್ ಬೆಲ್ಡಿಂಗ್ ಎಂಬ ವಿಜ್ಞಾನಿಯು ಸಂಸ್ಥಾನದ ಏಲ್‌ವೈಫ್ ಹೊಳೆಗಳನ್ನು ಒಂದೊಂದಾಗಿ ಪರಿಶೀಲಿಸಿ, ಅವುಗಳ ಕ್ಷೀಣದಶೆಯನ್ನು ವರದಿಮಾಡಿದನು.

ಕಟ್ಟೆಯಷ್ಟೇ ಕೇಡನ್ನು ಮರವೆಯೂ ಮಾಡಿತು. ಮೀನು ಕಡಮೆಯಾದಂತೆ ಹಂಚುವ ಪದ್ಧತಿ ನಿಂತಿತು. ಹಂಚುವುದು ನಿಂತಮೇಲೆ ಎಣಿಸುವವರೂ ಇಲ್ಲವಾದರು. ಪ್ರತಿಯೊಂದು ತಲೆಮಾರೂ ತನ್ನ ಬಾಲ್ಯದಲ್ಲಿ ಕಂಡುದನ್ನೇ ಸಹಜಸ್ಥಿತಿಯೆಂದು ತಿಳಿದು, ಅದಕ್ಕೂ ಹಿಂದಿನ ನಷ್ಟವನ್ನು ಅರಿಯದೆ ಹೋಗುವುದೆಂದು ಮತ್ಸ್ಯಶಾಸ್ತ್ರಜ್ಞನಾದ ಡೇನಿಯಲ್ ಪಾಲಿಯು 1995ರಲ್ಲಿ ಬರೆದನು. ತಾತನು ಲಕ್ಷ ಮೀನನ್ನು ಕಂಡಿದ್ದರೆ ತಂದೆಯು ಹತ್ತು ಸಾವಿರಕ್ಕೆ ತೃಪ್ತನಾಗುವನು. ಮಗನಿಗೆ ನೂರೇ ಸಮೃದ್ಧಿಯಾಗಿ ತೋರುವುದು. ಲೆಕ್ಕದ ಪುಸ್ತಕವೊಂದಿದ್ದರೆ ಮಾತ್ರ ಈ ಭ್ರಮೆಗೆ ಮದ್ದುಂಟು. 2000ದ ನಂತರ ಹೊಳೆಯ ಹೆರಿಂಗ್ ತೀವ್ರವಾಗಿ ಇಳಿದುದನ್ನು ಕಂಡು, ಮ್ಯಾಸಚೂಸೆಟ್ಸ್ ಸಂಸ್ಥಾನವು 2006ರ ಆರಂಭದಿಂದ ಅದನ್ನು ಹಿಡಿಯುವುದನ್ನೂ ಮಾರುವುದನ್ನೂ ನಿಷೇಧಿಸಿತು. ಆದರೆ ನೂರಾರು ಹೊಳೆಗಳಲ್ಲಿ ದಿನವೂ ಕಾದಿರಲು ಸರಕಾರದ ನೌಕರರು ಸಾಲರು. ಅಲ್ಲಿ ನೆರವಾದವರು ಸ್ವಯಂಸೇವಕರು.

ಅವರ ಕೆಲಸದ ಕ್ರಮವು ಸರಳವಾದುದು. ಮೀನು ಹಾಯಲೆಂದು ಕಟ್ಟೆಯ ಪಕ್ಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನೀರನ್ನಿಳಿಸುವ ಕಾಲುವೆಯನ್ನು ಕಟ್ಟಿರುವರು. ಇದಕ್ಕೆ ಮೀನೇಣಿಯೆಂದು ಹೆಸರು. ಎಣಿಸುವವನು ಅದರ ಬಾಯಲ್ಲಿ ನಿಂತು, ಸರಿಯಾಗಿ ಹತ್ತು ನಿಮಿಷಗಳ ಕಾಲ ಮೇಲಕ್ಕೆ ದಾಟುವ ಮೀನುಗಳನ್ನು ಲೆಕ್ಕಮಾಡುವನು; ನೀರಿನ ಉಷ್ಣತೆಯನ್ನೂ ಬರೆದಿಡುವನು. ಹಗಲನ್ನು ಕೆಲವು ಭಾಗಗಳಾಗಿ ವಿಂಗಡಿಸಿ, ಪ್ರತಿಭಾಗದಲ್ಲಿಯೂ ಕೆಲವು ಸಲ ಎಣಿಸುವುದರಿಂದ ಇಡೀ ಋತುವಿನ ಮೊತ್ತವನ್ನು ಅಂದಾಜುಮಾಡಬಹುದು. ನಾಲ್ಕು ಗಂಟೆಗಳ ಅವಧಿಯಲ್ಲಿ ಹತ್ತು ನಿಮಿಷಗಳ 24 ಭಾಗಗಳುಂಟು. ಎಣಿಸಿದ ಭಾಗಗಳ ಸರಾಸರಿ 30 ಎಂದಾದರೆ, ಆ ಅವಧಿಯಲ್ಲಿ 720 ಮೀನು ದಾಟಿದುವೆಂದು ಗ್ರಹಿಸುವರು. ಈ ವಿಧಾನದ ನಿಯಮಗಳನ್ನು ಸಂಸ್ಥಾನದ ಕಡಲಮೀನುಗಾರಿಕೆಯ ಇಲಾಖೆಯು 2006ರಲ್ಲಿ ಕೈಪಿಡಿಯಾಗಿ ಹೊರಡಿಸಿತು. ಇದರಲ್ಲಿ ಮುಖ್ಯವಾದ ಕಟ್ಟಳೆಯೊಂದುಂಟು. ಹತ್ತು ನಿಮಿಷ ನಿಂತು ಒಂದು ಮೀನನ್ನೂ ಕಾಣದೆ ಹೋದವನು ಸೊನ್ನೆಯೆಂದು ತಪ್ಪದೆ ಬರೆಯಬೇಕು. ಬೇಸರದಿಂದ ಅದನ್ನು ಬಿಟ್ಟನಾದರೆ, ಸರಾಸರಿಯು ಸುಳ್ಳಾಗಿ ಏರಿ, ಇಲ್ಲದ ಮೀನು ಉಂಟೆಂದಾಗುವುದು. ಚಳಿಗಾಳಿಯಲ್ಲಿ ಬರಿಯ ನೀರನ್ನು ನೋಡಿ ಸೊನ್ನೆಯನ್ನು ಬರೆದು ಬರುವ ಈ ಪ್ರಾಮಾಣಿಕತೆಯ ಮೇಲೆಯೇ ಸಮಸ್ತ ಗಣನೆಯೂ ನಿಂತಿರುವುದು.

ಈ ಶ್ರಮದ ಫಲಕ್ಕೆ ಬಾಸ್ಟನ್ ನಗರದ ಬಳಿ ಹರಿಯುವ ಮಿಸ್ಟಿಕ್ ನದಿಯು ನಿದರ್ಶನವಾಗಿದೆ. ಅಲ್ಲಿನ ಮೇಲಣ ಸರೋವರದ ಕಟ್ಟೆಗೆ ಮೀನೇಣಿ ಇಲ್ಲದಿದ್ದಾಗ, ಜನರು ಮೀನುಗಳನ್ನು ಬಕೆಟ್ಟುಗಳಲ್ಲಿ ತುಂಬಿ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಏಣಿಯು ಸಿದ್ಧವಾಗಿ 2012ರಲ್ಲಿ ಗಣನೆ ಆರಂಭವಾದಾಗ ಸುಮಾರು ಎರಡು ಲಕ್ಷ ಮೀನುಗಳೆಂದು ಅಂದಾಜಾಯಿತು. 2019ರಲ್ಲಿ ಆ ಸಂಖ್ಯೆಯು ಏಳು ಲಕ್ಷವನ್ನು ಮೀರಿತು. ಮೇಯ್ನ್ ಸಂಸ್ಥಾನದ ಕೆನೆಬೆಕ್ ನದಿಗೆ 1837ರಲ್ಲಿ ಕಟ್ಟಿದ್ದ ಎಡ್ವರ್ಡ್ಸ್ ಕಟ್ಟೆಯನ್ನು 1999ರ ಜುಲೈ 1ರಂದು ಒಡೆದರು. ಟಿಸ್ಕ್ವಾಂಟಂ ತೋರಿಸಿಕೊಟ್ಟ ಪ್ಲಿಮತ್ತಿನ ಹಳ್ಳದಲ್ಲಿಯೂ 2002ರಿಂದ ಮೊದಲುಗೊಂಡು ಹಲವು ಕಟ್ಟೆಗಳನ್ನು ಒಂದೊಂದಾಗಿ ತೆಗೆದಿರುವರು.

ಎಣಿಸಿದ ಮಾತ್ರದಿಂದ ಮೀನು ಹೆಚ್ಚುವುದಿಲ್ಲವೆಂದು ಆಕ್ಷೇಪಿಸಬಹುದು. ಅದು ನಿಜವೇ. ಇರುಳಿನಲ್ಲಿ ದಾಟುವ ಮೀನು ಹಗಲಿನ ಲೆಕ್ಕಕ್ಕೆ ಸಿಕ್ಕದು. ಹೊರಗಡಲಿನಲ್ಲಿ ಬೇರೆ ಮೀನಿಗಾಗಿ ಬೀಸಿದ ಬಲೆಗೆ ಬಿದ್ದುದನ್ನು ದಡದವನು ಕಾಣಲಾರನು. ಆದರೂ ಎಲ್ಲಿ ಏಣಿ ಬೇಕು, ಎಲ್ಲಿ ಕಟ್ಟೆಯನ್ನೇ ತೆಗೆಯಬೇಕು, ತೆಗೆದುದರಿಂದ ಫಲವಾಯಿತೇ ಎಂಬ ಪ್ರಶ್ನೆಗಳಿಗೆ ಉತ್ತರವು ಈ ಅಂಕಿಗಳಲ್ಲಿಯೇ ಇರುವುದು. ಕಟ್ಟೆಯ ಒಡೆಯನ ಬಳಿ ಗಿರಣಿಯ ಆದಾಯದ ಲೆಕ್ಕ ಎಂದಿಗೂ ಸಿದ್ಧವಾಗಿರುತ್ತಿದ್ದಿತು. ಮೀನಿನ ಪರವಾಗಿ ಲೆಕ್ಕವನ್ನು ಒಪ್ಪಿಸುವವರು ಬಹುಕಾಲ ಯಾರೂ ಇರಲಿಲ್ಲ.

ಇದು ಹೊರದೇಶದ ಕಥೆಯಾದರೂ ಇದರ ಮರ್ಮವು ಭಾರತಕ್ಕೆ ಹೊಸತಲ್ಲ. ಇದೇ ಮೀನಿನ ಹತ್ತಿರದ ಬಂಧುವಾದ ಹಿಲ್ಸಾ, ಕಾವೇರಿಯನ್ನು ಮೇಲಕ್ಕೇರುತ್ತಿದ್ದ ದಾರಿಯನ್ನು 1934ರಲ್ಲಿ ಮುಗಿದ ಮೆಟ್ಟೂರಿನ ಅಣೆಕಟ್ಟು ಮುಚ್ಚಿತು. ಗಂಗೆಯಲ್ಲಿ 1975ರಿಂದ ಫರಕ್ಕಾ ಬ್ಯಾರೇಜು ಅದೇ ಕಾರ್ಯವನ್ನು ಮಾಡಿತು. ನೀರಾವರಿಯೂ ವಿದ್ಯುತ್ತೂ ನಾಡಿಗೆ ಅಗತ್ಯವಾದುವು. ಆದರೆ ಅವುಗಳಿಗೆ ತೆತ್ತ ಬೆಲೆ ಎಷ್ಟೆಂಬುದನ್ನು ತಿಳಿದು ತೆರುವುದು ಒಂದು, ತಿಳಿಯದೆ ತೆರುವುದು ಮತ್ತೊಂದು. ಹೊಳೆಯ ದಡದಲ್ಲಿ ಹತ್ತು ನಿಮಿಷ ನಿಲ್ಲುವ ಸಾಮಾನ್ಯ ಗೃಹಸ್ಥನು ಆ ಬೆಲೆಯನ್ನು ಊರಿನ ಲೆಕ್ಕದಲ್ಲಿ ಬರೆದಿಡುತ್ತಿರುವನು.